ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ನನಗೆ ಅಟೆಂಡೆನ್ಸ್ ಶಾರ್ಟೇಜ್. ಡಿಗ್ರಿ ಬಿಡಬೇಕಾ?

ಚಿತ್ತಾಪುರ ಹುಡುಗಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ, ಧೈರ್ಯ ಬಂದಿರಲಿಲ್ಲ. ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ನಾನು ಕಲಬುರಗಿಯಲ್ಲಿ ಬಿಎಸ್ಸಿ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪನ ಎರಡೂ ಕಿಡ್ನಿ ಹೋಗಿವೆ. ಹೋದ ವರ್ಷ ದೀಪಾವಳಿ ಸಮಯಕ್ಕೆ ಕಾಲು ಬಾತು, ಉಸಿರು ಕಟ್ಟಿ, ರಾತ್ರೋರಾತ್ರಿ ಹೈದರಾಬಾದಿಗೆ ಓಡಿದೆವು. ಅಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು, ಎರಡು ಎಕರೆ ಹೊಲ ಹೋಯಿತು. ಈಗ ಕಲಬುರಗಿಯ ಸರಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಬಿಪಿಎಲ್ ಕಾರ್ಡ್ ಇರುವುದರಿಂದ ಅದಕ್ಕೆ ದುಡ್ಡು ಕೇಳುವುದಿಲ್ಲ.

ಅಪ್ಪನ ಜೊತೆ ಹೋಗುವುದು ನಾನೇ. ಅವ್ವ ಕೂಲಿಗೆ ಹೋಗದಿದ್ದರೆ ಮನೆ ನಡೆಯುವುದಿಲ್ಲ. ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್, ಅವನ ಓದು ಕೆಡಬಾರದು ಎನ್ನುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಮಾತು ಸೇರಿಕೊಂಡಿದೆ, "ನಿನಗ ಟಿಕೆಟ್ ಇಲ್ಲಲ್ಲ, ನೀನೇ ಹೋಗಿ ಬಾ." ತಮ್ಮ ಹೋದರೆ ಎರಡು ಟಿಕೆಟ್, ನಾನು ಹೋದರೆ ಅಪ್ಪನದೊಂದೇ. ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೇ ಎದುರು ಮಾತಾಡಲು ಬಾಯಿ ಬರುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಊರು ಬಿಡುತ್ತೇವೆ. ಸರದಿ ಹನ್ನೊಂದಕ್ಕೆ, ಮಶೀನಿನ ಮೇಲೆ ನಾಲ್ಕು ತಾಸು, ಇಳಿದ ಮೇಲೆ ಬಿಪಿ ಕೆಳಗೆ ಬಂದು ಅಪ್ಪನಿಗೆ ತಲೆ ತಿರುಗುತ್ತದೆ, ಅರ್ಧ ತಾಸು ಮಲಗಿಸಿ ಏನಾದರೂ ತಿನ್ನಿಸಿ ಬಸ್ ಸ್ಟ್ಯಾಂಡಿಗೆ ಕರೆತರುವಷ್ಟರಲ್ಲಿ ಸಂಜೆ. ನನ್ನ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇರುವುದೂ ಮಂಗಳವಾರ ಮತ್ತು ಶುಕ್ರವಾರವೇ. ಥಿಯರಿಯಲ್ಲಿ ಇಲ್ಲಿಯವರೆಗೆ 40 ಕ್ಲಾಸ್ ಆಗಿವೆ, ನಾನು 24ಕ್ಕೆ ಹೋಗಿದ್ದೇನೆ. ಪ್ರಾಕ್ಟಿಕಲ್ ಅದಕ್ಕಿಂತ ಕಡಿಮೆ. ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ ಹಾಕಿದ್ದಾರೆ, ನನ್ನ ಹೆಸರು ಮೇಲಿನಿಂದ ಮೂರನೆಯದು.

ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಗೆಳತಿಯರಿಗೆ "ಊರಲ್ಲಿ ಕೆಲಸ ಇತ್ತು" ಎಂದು ಹೇಳುತ್ತೇನೆ. ಮನೆಯಲ್ಲಿ ಮಾಮ ಬಂದಾಗಲೆಲ್ಲ ಒಂದೇ ಮಾತು, "ಕಾಲೇಜು ಬಿಡಿಸಿ ಲಗ್ನ ಮಾಡ್ರಿ, ಅವರಪ್ಪ ಇರೋದ್ರಾಗ ನಾಕು ಅಕ್ಕಿಕಾಳು ಬೀಳಲಿ." ಅಪ್ಪ ಏನೂ ಅನ್ನುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ.

ಒಂದು ವರ್ಷ ಬಿಟ್ಟು ಆಮೇಲೆ ಓದಲಾ? ಇದೇ ತರಹ ಮನೆಯಲ್ಲಿ ಕಾಯಿಲೆ ಇಟ್ಟುಕೊಂಡು ಓದಿದವರು ಯಾರಾದರೂ ಇದ್ದರೆ ಹೇಳಿ.

ಭಾಲ್ಕಿಯವನು

ತಂಗೀ, ಬಿಡಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಮ್ಮ ಅವ್ವನಿಗೆ ಶುಗರ್. ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಸಣ್ಣ ಗಾಯವಾಯಿತು. ಕಾಲಿಗೆ ಸ್ಪರ್ಶವೇ ಇರಲಿಲ್ಲ, ಹೀಗಾಗಿ ನೋವೂ ಗೊತ್ತಾಗಲಿಲ್ಲ. ಅರಿಶಿನ ಹಚ್ಚಿ ಸುಮ್ಮನಾದರು. ಮೂರು ತಿಂಗಳಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಅಪ್ಪ ಇಲ್ಲ. ಭಾಲ್ಕಿಯಿಂದ ಬೀದರ್ ಆಸ್ಪತ್ರೆಗೆ ಡ್ರೆಸ್ಸಿಂಗ್ ಗೆ ಓಡಾಡಿದ್ದು ನಾನೊಬ್ಬನೇ. ವಿಟಿಯು ಎಂಜಿನಿಯರಿಂಗ್ ಗೆ ಶೇಕಡಾ 85 ಹಾಜರಿ ಬೇಕು, ನನ್ನದು 70ರ ಹತ್ತಿರ ಬಂದಿತ್ತು. ನಾನೂ ನಿನ್ನ ಹಾಗೆ ಯಾರಿಗೂ ಹೇಳಲಿಲ್ಲ. ಅವ್ವನ ಕಾಲಿನ ಸುದ್ದಿ ಹೇಳಿ ಸರ್ ಹತ್ತಿರ ಕರುಣೆ ಕೇಳಿದ ಹಾಗೆ ಆಗುತ್ತದೆ ಅನಿಸುತ್ತಿತ್ತು. ಎರಡು ಸಬ್ಜೆಕ್ಟಿನಲ್ಲಿ ಪರೀಕ್ಷೆಗೆ ಕೂರಿಸಲಿಲ್ಲ. ಆಮೇಲೆ ಅದೇ ಸರ್ ಗೆ ಹೇಗೋ ಗೊತ್ತಾಗಿ ಕರೆದು ಬೈದರು, "ಒಂದು ಮಾತು ಮೊದಲೇ ಹೇಳಿದ್ದರೆ ನಾನು ಪ್ರಿನ್ಸಿಪಾಲರ ಹತ್ತಿರ ನಿನ್ನ ಕಡೆ ನಿಲ್ಲುತ್ತಿದ್ದೆ" ಅಂದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಕೂತಿದೆ.

ಆ ಎರಡು ಸಬ್ಜೆಕ್ಟ್ ಗೆ ಒಂದು ವರ್ಷ ಹೋಯಿತು. ಮುಗಿಸಿದೆ. ಈಗ ಹುಮನಾಬಾದಿನಲ್ಲಿ ಕೆಲಸ. ಅವ್ವ ಕೃತಕ ಕಾಲು ಹಾಕಿಕೊಂಡು ಮನೆಯೊಳಗೆ ಓಡಾಡುತ್ತಾರೆ.

ಯಾದಗಿರಿ ಮೇಡಂ

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಶಾರ್ಟೇಜ್ ಪಟ್ಟಿ ಹಾಕುವ ಕಡೆ ಇರುವವಳು ಅಂತಲೇ ಓದಿಕೋ ಮಗಳೇ.

ಪ್ರತಿ ವರ್ಷ ಆ ಪಟ್ಟಿ ಹಾಕುವಾಗ ನಮ್ಮ ಮುಂದೆ ಇರುವುದು ಬರೀ ಹೆಸರು ಮತ್ತು ನಂಬರ್. ಯಾರು ಕ್ಯಾಂಟೀನಿನಲ್ಲಿ ಕೂತಿದ್ದರು, ಯಾರು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದರು, ಅದು ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ನೀನು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡು. ಒಂದು ಪುಟದ ಅರ್ಜಿ. ತಂದೆಗೆ ಇಂಥ ಕಾಯಿಲೆ, ಇಂಥ ದಿನಗಳಲ್ಲಿ ಡಯಾಲಿಸಿಸ್, ಜೊತೆಗೆ ನಾನು ಹೋಗಲೇಬೇಕಾಗಿತ್ತು. ಜೊತೆಗೆ ಡಯಾಲಿಸಿಸ್ ಯೂನಿಟ್ಟಿನಿಂದ ದಿನಾಂಕಗಳ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಂಡು ಬಾ. ವಿಭಾಗದ ಮುಖ್ಯಸ್ಥರ ಮೂಲಕ ಪ್ರಿನ್ಸಿಪಾಲರಿಗೆ ಹೋಗಲಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ. ಇದು ಬಹಳ ಮುಖ್ಯ. ಸೆಮಿಸ್ಟರ್ ಕೊನೆಯಲ್ಲಿ ಅಳುತ್ತಾ ಬರುವ ಅರ್ಜಿಗೂ, ಮಧ್ಯದಲ್ಲೇ ಕೊಟ್ಟು ಆಮೇಲೆ ಕ್ಲಾಸಿಗೆ ಬಂದು ತೋರಿಸಿದವರ ಅರ್ಜಿಗೂ ನಾವು ನೋಡುವ ರೀತಿ ಬೇರೆಯೇ.

ಈಗ ಲೆಕ್ಕಕ್ಕೆ ಬಾ. ಬೇಕಾಗಿದ್ದು ಶೇಕಡಾ 75. ಒಟ್ಟು 60 ಕ್ಲಾಸ್ ಆಗುತ್ತವೆ ಅಂದುಕೊಂಡರೆ ಉಳಿದದ್ದು 20. ಆ 20ಕ್ಕೂ ಬಂದರೆ 44 ಆಗುತ್ತದೆ. ಬೇಕಾದದ್ದು 45. ಒಂದೇ ಒಂದು ಕ್ಲಾಸ್ ಕಡಿಮೆ! ಶೇಕಡಾ 73ರಲ್ಲಿ, ಕಾಗದಪತ್ರ ಇರುವ ಹುಡುಗಿಯ ಪರವಾಗಿ ಮಾತಾಡುವುದು ನಮಗೂ ಸುಲಭ. 60ರಲ್ಲಿ ಇದ್ದವಳ ಪರವಾಗಿ ಮಾತಾಡುವುದು ಕಷ್ಟ. ಹಾಗಾಗಿ ಉಳಿದ ಕ್ಲಾಸುಗಳಿಗೆ ಹೇಗೆ ಬರುತ್ತೀ ಅನ್ನುವುದೇ ಈಗಿನ ಪ್ರಶ್ನೆ. ಪ್ರಾಕ್ಟಿಕಲ್ ಗೆ ಇನ್ನೊಂದು ಬ್ಯಾಚ್ ಇದ್ದರೆ ಆ ಬ್ಯಾಚಿನ ಜೊತೆ ಮಾಡಲು ಬಿಡಿ ಎಂದು ಕೇಳು. ಎಷ್ಟೋ ಕಡೆ ಬಿಡುತ್ತಾರೆ, ಕೇಳುವವರೇ ಇಲ್ಲ.

ಇನ್ನೊಂದು ಮಾತು. ಶಕ್ತಿ ಟಿಕೆಟ್ ಲೆಕ್ಕ ಓದಿ ನನಗೆ ಸಂಕಟವಾಯಿತು. ನಮ್ಮ ಹುಡುಗಿಯರು ಕಾಲೇಜಿಗೆ ಬರಲಿ ಎಂದು ಬಂದ ಸೌಕರ್ಯವೇ ಅವರನ್ನು ಕಾಲೇಜಿನಿಂದ ಹೊರಗೆ ಇಡುವ ಕಾರಣ ಆಗಬಾರದು. ಆ ಟಿಕೆಟ್ ದುಡ್ಡು ನಿನ್ನ ಡಿಗ್ರಿಗಿಂತ ದೊಡ್ಡದಲ್ಲ ಎಂದು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಬೇರೆ ಯಾರೂ ಹೇಳದಿದ್ದರೆ ನೀನೇ ಹೇಳು.

ಡಯಾಲಿಸಿಸ್ ಟೆಕ್ನಿಷಿಯನ್

ಅಕ್ಕಾ, ನಾನು ಒಂದು ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮಂಥ ಮಕ್ಕಳನ್ನು ದಿನಾ ನೋಡುತ್ತೇನೆ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಪುಸ್ತಕ ತೆಗೆಯುತ್ತಾರೆ, ಎರಡು ಪುಟಕ್ಕೆ ನಿದ್ದೆ ಹತ್ತುತ್ತದೆ.

ಎರಡು ವಿಷಯ ಕೇಳಿ. ಒಂದು, ದಿನ ಬದಲಿಸಿ. ಮಂಗಳವಾರ, ಶುಕ್ರವಾರದ ಬದಲು ಬುಧವಾರ, ಶನಿವಾರ ಕೊಡಿ ಎಂದು ಯೂನಿಟ್ ಇನ್ ಚಾರ್ಜ್ ಹತ್ತಿರ ಕೇಳಿ. ಸೀಟು ಖಾಲಿ ಇರಬೇಕು, ಜೊತೆಗೆ ಹೆಪಟೈಟಿಸ್ ಇರುವವರಿಗೆ ಮಶೀನು ಬೇರೆ ಇರುತ್ತದೆ, ಅದನ್ನು ನೋಡಿಕೊಂಡು ಹೊಂದಿಸುತ್ತಾರೆ. ತಕ್ಷಣ ಆಗದಿರಬಹುದು, ಆದರೆ "ಮಗಳ ಪ್ರಾಕ್ಟಿಕಲ್ ಇದೆ" ಎಂದು ಕಾರಣ ಹೇಳಿದರೆ ನಮ್ಮಂಥವರು ನೆನಪಿಟ್ಟುಕೊಳ್ಳುತ್ತೇವೆ. ಎರಡು, ಈಗ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಆಗುತ್ತದೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದಾಗ ಜಿಲ್ಲಾ ಆಸ್ಪತ್ರೆ ತನಕ ಅಂತ ಇತ್ತು, ಆಮೇಲೆ ಕೆಳಗೂ ಬಂದಿದೆ. ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಸರದಿ ಪಟ್ಟಿ ಇದ್ದರೆ ಹೆಸರು ಬರೆಸಿ. ಹತ್ತಿರ ಆದರೆ ಅವ್ವನೋ ತಮ್ಮನೋ ಕರೆದುಕೊಂಡು ಹೋಗಬಹುದು.

ಮಶೀನಿನಿಂದ ಇಳಿದ ಮೇಲೆ ಅಷ್ಟು ತಲೆ ತಿರುಗುತ್ತದೆ ಅಂದಿರಿ. ಎರಡು ಡಯಾಲಿಸಿಸ್ ನಡುವೆ ಎಷ್ಟು ತೂಕ ಏರುತ್ತಿದೆ ನೋಡಿ. ಜಾಸ್ತಿ ನೀರು ಕುಡಿದು ಬಂದರೆ ನಾಲ್ಕು ತಾಸಿನಲ್ಲಿ ಅಷ್ಟನ್ನೂ ತೆಗೆಯಬೇಕಾಗುತ್ತದೆ, ಆಗ ಬಿಪಿ ಬೀಳುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ದಿನಕ್ಕೆ ಆಗುವ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್, ಅಷ್ಟೇ ನೀರು ಎನ್ನುತ್ತಾರೆ. ನಿಮ್ಮ ಡಾಕ್ಟರು ಹೇಳಿದ ಅಳತೆಯೇ ಕೊನೆಯ ಮಾತು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಈ ಮಾತು ಪಾಲಿಸುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು. ಸಣ್ಣ ಲೋಟದಲ್ಲಿ ಕೊಡಿ. ಬಾಯಿ ಮುಕ್ಕಳಿಸಿ ಉಗುಳಲಿ. ಒಂದು ಚೂರು ಐಸ್ ಬಾಯಲ್ಲಿ ಇಟ್ಟುಕೊಳ್ಳಲಿ, ಅದನ್ನೂ ನೀರಿನ ಲೆಕ್ಕಕ್ಕೆ ಹಿಡಿಯಿರಿ. ಎಲ್ಲಕ್ಕಿಂತ ಮೊದಲು ಉಪ್ಪು ಕಡಿಮೆ ಮಾಡಿ. ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ ತಿಂದರೆ ದಾಹ ನಿಲ್ಲುವುದೇ ಇಲ್ಲ.

ನೋಡಲು ಬಂದವರು ಎಳನೀರು, ಬಾಳೆಹಣ್ಣು, ಮೋಸಂಬಿ ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಕಿಡ್ನಿ ಹೋದವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರಿ ಹೃದಯವೇ ನಿಲ್ಲಬಹುದು. ಎಳನೀರು ಕುಡಿದು ರಾತ್ರಿ ಎಮರ್ಜೆನ್ಸಿಗೆ ಬಂದವರನ್ನು ನಾನು ನೋಡಿದ್ದೇನೆ.

ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ರಕ್ತನಾಳ ಜೋಡಿಸುವ ಆಪರೇಷನ್, ಮಾಡಿಸಿದ್ದಾರಾ? ಮಾಡಿಸಿದ್ದರೆ ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಕೊಡ ಎತ್ತಿಸಬೇಡಿ. ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ಒಳಗೆ ಗುಂಯ್ ಎಂದು ನಡುಗಬೇಕು. ನಡುಕ ನಿಂತಿದ್ದರೆ ಅವತ್ತೇ ಆಸ್ಪತ್ರೆಗೆ ಬನ್ನಿ, ನಾಳೆ ಎನ್ನಬೇಡಿ.

ಬಿಸಿಲು ನಾಡು

ಎಲ್ಲರೂ ಬಿಡಬೇಡ ಬಿಡಬೇಡ ಎನ್ನುತ್ತಿದ್ದೀರಿ. ನನಗೆ ಬೇರೆ ಅನಿಸುತ್ತದೆ, ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬಿಕಾಂ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟೆ. ಅವ್ವನಿಗೆ ಕ್ಯಾನ್ಸರ್. ಆಳಂದದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಟ. ಎಂಟು ತಿಂಗಳು ಅವ್ವನ ಜೊತೆಯೇ ಇದ್ದೆ. ತಲೆ ಬಾಚಲು ಕೂದಲಿರಲಿಲ್ಲ, ಆದರೂ ದಿನಾ ತಲೆಗೆ ಎಣ್ಣೆ ಹಚ್ಚು ಎನ್ನುತ್ತಿದ್ದಳು, ಹಚ್ಚುತ್ತಿದ್ದೆ. ಕೊನೆಯ ವಾರ ಊರಿಗೆ ಕರೆದುಕೊಂಡು ಬಂದೆವು. ಆ ಎಂಟು ತಿಂಗಳು ನಾನು ಕ್ಲಾಸಿನಲ್ಲಿ ಕೂತಿದ್ದರೆ ಇವತ್ತು ನನ್ನ ಮುಖ ನಾನೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಡಿಗ್ರಿ ಯಾವಾಗ ಬೇಕಾದರೂ ಆಗುತ್ತದೆ. ಅಪ್ಪ ಅವ್ವ ಮತ್ತೆ ಬರುವುದಿಲ್ಲ. ನಾನು ಆಮೇಲೆ ಮರಳಿ ಹೋಗಿ ಬಿಕಾಂ ಮುಗಿಸಿದೆ, ಏನೂ ಕಳೆದುಕೊಳ್ಳಲಿಲ್ಲ.

ಹುಮನಾಬಾದ್ ಅಕ್ಕ

ಅಣ್ಣಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಿಮ್ಮ ಅವ್ವನ ಪಾಲಿಗೆ ನೀವು ಮಾಡಿದ್ದು ಸರಿ. ಆದರೂ ಈ ಹುಡುಗಿಗೆ ಅದನ್ನು ಹೇಳಬೇಡಿ.

ನಿಮ್ಮದು ಎಂಟು ತಿಂಗಳು. ಡಯಾಲಿಸಿಸ್ ಮೇಲೆ ಜನ ಹತ್ತು ವರ್ಷ ಬದುಕಿದ್ದಾರೆ, ಇನ್ನೂ ಜಾಸ್ತಿ ಬದುಕಿದವರಿದ್ದಾರೆ. ಅವಳ ಅಪ್ಪನೂ ಬದುಕಲಿ ಎಂದೇ ನಾವೆಲ್ಲ ಕೇಳಿಕೊಳ್ಳುವುದು. ಹಾಗಿದ್ದಾಗ "ಒಂದು ವರ್ಷ ಬಿಡುತ್ತೇನೆ" ಎಂದರೆ ಆ ವರ್ಷ ಯಾವಾಗ ಮುಗಿಯುತ್ತದೆ? ಮುಂದಿನ ವರ್ಷವೂ ಮಂಗಳವಾರ ಬರುತ್ತದೆ, ಶುಕ್ರವಾರ ಬರುತ್ತದೆ.

ನನಗೆ ಇದು ಗೊತ್ತಿರುವುದು ಹೀಗೆ. ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕ, ಕೀಲುವಾತ. ಕೈಬೆರಳು ಸೊಟ್ಟಗಾಗಿ ಬೆಳಿಗ್ಗೆ ತಾಸುಗಟ್ಟಲೆ ಕೈ ಮಡಚಲು ಬರುತ್ತಿರಲಿಲ್ಲ. ನನ್ನನ್ನು ಸಾಕಿದವಳು ಅವಳೇ. ನಾನು ಬಿಎ ಮೊದಲ ವರ್ಷದಲ್ಲಿ "ಈ ಮಳೆಗಾಲ ಕಳೆಯಲಿ, ಆಮೇಲೆ ಹೋದರಾಯಿತು" ಎಂದು ನಿಂತೆ. ಹನ್ನೊಂದು ಮಳೆಗಾಲ ಕಳೆದವು. ಯಾರೂ ನನ್ನನ್ನು ಕಟ್ಟಿಹಾಕಲಿಲ್ಲ. ಒಮ್ಮೆ ನಿಂತವಳು ಮನೆಯ ಲೆಕ್ಕಕ್ಕೆ ಸೇರಿಬಿಟ್ಟೆ, ಅಷ್ಟೇ. ಅಡುಗೆ ನನ್ನದು, ಔಷಧಿ ನನ್ನದು, ದನ ನನ್ನದು. ನಾನು ಹೊರಟರೆ ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರ ಹುಡುಕುವುದು ಯಾರಿಗೂ ಬೇಡವಾಗಿತ್ತು. ಕೊನೆಗೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿ ಬಿಎ ಮುಗಿಸಿದೆ. ಪರೀಕ್ಷಾ ಹಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ನನ್ನನ್ನು ಆಂಟಿ ಅಂದಳು.

ತಂಗೀ, ನಿನ್ನದು ಬಿಎಸ್ಸಿ, ಲ್ಯಾಬ್ ಇರುವ ಓದು. ಬಿಟ್ಟರೆ ಮನೆಯಲ್ಲಿ ಕೂತು ಮುಗಿಸುವಂಥದ್ದಲ್ಲ. ಇನ್ನು ಉಳಿದದ್ದು ಎರಡೇ ಸೆಮಿಸ್ಟರ್.

ಬಿಸಿಲು ನಾಡು

ಅಕ್ಕಾ, ನೀವು ಹೇಳಿದ್ದು ಯೋಚಿಸಿದೆ. ನಿಜ. ನಮಗೆ ದಿನ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅದಕ್ಕೇ ನಾನು ಎಲ್ಲ ಬಿಟ್ಟು ನಿಂತೆ. ಇಲ್ಲಿ ಹಾಗಿಲ್ಲ. ಆದರೆ ಒಂದು ಮಾತು ಉಳಿಸಿಕೊಳ್ಳುತ್ತೇನೆ. ತಂಗೀ, ಓದು ಅಪ್ಪನಿಂದ ದೂರ ಓಡುವ ದಾರಿ ಆಗದಿರಲಿ. ವಾರದಲ್ಲಿ ಒಂದು ದಿನವಾದರೂ ನೀನೇ ಜೊತೆಗೆ ಹೋಗು.

ಚಿತ್ತಾಪುರ ಹುಡುಗಿ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಟೆಕ್ನಿಷಿಯನ್ ಅಣ್ಣಾ, ಫಿಸ್ಟುಲಾ ಆಗಿದೆ, ಎಡಗೈ. ನಿಮ್ಮ ಮಾತು ಓದಿದ ಮೇಲೆ ಮೊದಲ ಸಲ ಮುಟ್ಟಿ ನೋಡಿದೆ, ಜೇನುಹುಳ ಒಳಗಿದ್ದ ಹಾಗೆ ನಡುಗುತ್ತದೆ. ಅಪ್ಪನಿಗೆ ಅದು ಏಕೆ ಎಂದು ವಿವರಿಸಿದೆ. ಬಯಾಲಜಿ ಓದಿದ್ದು ಮನೆಯಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಕೇಳಲು ಇನ್ನೊಂದಿದೆ. ಕಾಕಾ ಒಬ್ಬರು "ಮಗಳದು ಅಪ್ಪನದು ಒಂದೇ ರಕ್ತ, ಅಕಿ ಒಂದು ಕಿಡ್ನಿ ಕೊಟ್ರ ಎಲ್ಲಾ ಮುಗೀತದ" ಎಂದು ಎಲ್ಲರ ಮುಂದೆ ಹೇಳಿದರು. ಕೊಡಲು ನನಗೆ ಭಯ ಇದೆ, ಭಯ ಇದೆ ಎನ್ನಲು ನಾಚಿಕೆ ಆಗುತ್ತದೆ. ಅಪ್ಪ ಮಾತ್ರ ಅವತ್ತು ಎದ್ದು ಕೂತು "ನನ್ನ ಮಗಳ ಮೈಗಿ ಕತ್ತರಿ ಹಚ್ಚಂಗಿಲ್ಲ" ಅಂದರು.

ಡಯಾಲಿಸಿಸ್ ಟೆಕ್ನಿಷಿಯನ್

ಅಕ್ಕಾ, ಭಯಕ್ಕೆ ನಾಚಬೇಡಿ. ಅಂಗಾಂಗ ಕಸಿಯ ಕಾನೂನು 1994ರದ್ದು, ಹತ್ತಿರದ ಸಂಬಂಧಿ ಕೊಡಬಹುದು. ಅಪ್ಪ, ಅವ್ವ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ ಎಲ್ಲರೂ ಅದರಲ್ಲಿ ಬರುತ್ತಾರೆ. ನಿಮ್ಮ ಅವ್ವ ಇದ್ದಾರೆ, ಅಪ್ಪನ ಅಣ್ಣತಮ್ಮಂದಿರಿದ್ದರೆ ಅವರಿದ್ದಾರೆ. ಆ ಕಾಕಾ ಸ್ವಂತ ಕಾಕಾ ಆಗಿದ್ದರೆ ಅವರೂ ತಪಾಸಣೆ ಮಾಡಿಸಬಹುದು. ಕೊಡುವವರು ಮನಸ್ಸಿನಿಂದ ಒಪ್ಪಬೇಕು, ಯಾರ ಒತ್ತಾಯವೂ ಇರಬಾರದು, ಆಸ್ಪತ್ರೆಯಲ್ಲಿ ಬೇಡ ಎನ್ನುವ ಹಕ್ಕು ಕೊನೆಯ ಗಳಿಗೆ ತನಕ ಇರುತ್ತದೆ. ಸತ್ತವರಿಂದ ಸಿಗುವ ಕಿಡ್ನಿಗಾಗಿ ಜೀವಸಾರ್ಥಕತೆ ಎನ್ನುವ ರಾಜ್ಯದ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು, ಕಿಡ್ನಿ ಕಸಿ ಮಾಡುವ ಆಸ್ಪತ್ರೆಯ ಮೂಲಕ ಆಗುತ್ತದೆ. ಕಾಯಬೇಕಾಗುತ್ತದೆ, ಆದರೂ ಬರೆಸಿಡಿ.

ಮನೆಯವರೆಲ್ಲ ಒಮ್ಮೆ ಬಿಪಿ, ಶುಗರ್, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಅಪ್ಪನಿಗೆ ಕಿಡ್ನಿ ಹೋದದ್ದು ಬಿಪಿ, ಶುಗರಿನಿಂದ ಆಗಿದ್ದರೆ ಮಕ್ಕಳೂ ಹುಷಾರಾಗಿರಬೇಕು. ಅವ್ವ ಕೂಲಿ ಮಾಡಿ ಬಂದು ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ದಿನಾ ನುಂಗುವವರಾಗಿದ್ದರೆ ನಿಲ್ಲಿಸಿ. ಆ ನೋವಿನ ಗುಳಿಗೆಗಳು ವರ್ಷಗಟ್ಟಲೆ ತಿಂದರೆ ಕಿಡ್ನಿ ಕೆಡಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ಇದು ಬಹಳ.

ಕೃಷ್ಣಾ ದಂಡೆ

ನಾನು ಸುರಪುರ ಕಡೆಯವನು. ಈ ಮಾತುಕತೆ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನೀವೆಲ್ಲ ಕಾಯಿಲೆಯ ಹೆಸರು ಬರೆಯುತ್ತಿದ್ದೀರಿ. ಕಿಡ್ನಿ, ಶುಗರ್, ಕ್ಯಾನ್ಸರ್. ನಮ್ಮ ಮನೆಯ ಕಾಯಿಲೆಯ ಹೆಸರು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಅಣ್ಣನಿಗೆ ಸ್ಕಿಜೋಫ್ರೇನಿಯಾ. ಇಲ್ಲದ ದನಿ ಕೇಳಿಸುತ್ತದೆ. ಊಟದಲ್ಲಿ ವಿಷ ಇದೆ ಎನ್ನುತ್ತಾನೆ. ನನಗಿಂತ ಮೂರು ವರ್ಷ ದೊಡ್ಡವನು, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವನು. ಕಾಲೇಜಿನಲ್ಲಿ ಕೇಳಿದರೆ "ಅಣ್ಣ ಪುಣೆಯಲ್ಲಿ ಕೆಲಸ ಮಾಡುತ್ತಾನೆ" ಎಂದು ಹೇಳಿದ್ದೇನೆ. ಒಮ್ಮೆ ಗೆಳೆಯನೊಬ್ಬ ಪುಣೆಗೆ ಹೊರಟು ಅಣ್ಣನ ನಂಬರ್ ಕೇಳಿದ. ಅವತ್ತಿನಿಂದ ಆ ಗೆಳೆಯನ ಜೊತೆ ಮಾತು ಬಿಟ್ಟೆ.

ಮೇಡಂ, ನೀವು ಬರೆದು ಕೊಡು ಎನ್ನುತ್ತೀರಿ. ಡಯಾಲಿಸಿಸ್ ಎಂದು ಬರೆಯಬಹುದು. ನಾನು ಏನು ಬರೆಯಲಿ? ರಾತ್ರಿ ಅಣ್ಣ ಮನೆ ಬಿಟ್ಟು ಹೋದ, ಬೆಳಗಿನ ತನಕ ಹೊಲ, ಕಾಲುವೆ ಹುಡುಕಿದೆ, ಅದಕ್ಕೆ ಇಂಟರ್ನಲ್ ತಪ್ಪಿತು ಎಂದು ಬರೆಯಲಾ? ನಾಳೆ ತಂಗಿಯ ಲಗ್ನಕ್ಕೆ ಯಾರು ಬರುತ್ತಾರೆ?

ಯಾದಗಿರಿ ಮೇಡಂ

ತಮ್ಮಾ, ನೀನು ಇಲ್ಲಿ ಬರೆದದ್ದೇ ದೊಡ್ಡದು. ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ. "ಮನೆಯಲ್ಲಿ ಒಡಹುಟ್ಟಿದವರಿಗೆ ದೀರ್ಘಕಾಲದ ಕಾಯಿಲೆ, ಚಿಕಿತ್ಸೆ ನಡೆದಿದೆ" ಎಂದು ಬರೆದು ಆಸ್ಪತ್ರೆಯ ಚೀಟಿಯನ್ನು ಒಬ್ಬರಿಗೆ ಮಾತ್ರ ತೋರಿಸು. ಇಡೀ ಸ್ಟಾಫ್ ರೂಮಿಗೆ ಗೊತ್ತಾಗಬೇಕಿಲ್ಲ. ನಿನಗೆ ನಂಬಿಕೆ ಇರುವ ಒಬ್ಬ ಟೀಚರನ್ನು ಆರಿಸಿಕೋ, ಕ್ಲಾಸ್ ಆದ ಮೇಲೆ ಐದು ನಿಮಿಷ ಕೇಳು. ನಾನು 16 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮನೆಯ ಕಷ್ಟ ಹೇಳಿದ ಹುಡುಗನನ್ನು ಕೀಳಾಗಿ ಕಂಡದ್ದು ನೆನಪಿಲ್ಲ. ಹೇಳದೆ ಕಾಲೇಜು ಬಿಟ್ಟು ಹೋದವರ ಮುಖಗಳು ಮಾತ್ರ ನೆನಪಿವೆ.

ಕೃಷ್ಣಾ ದಂಡೆ

ಮೇಡಂ, ಓದಿದೆ. ಒಬ್ಬ ಸರ್ ಇದ್ದಾರೆ. ಸೋಮವಾರ ನೋಡುತ್ತೇನೆ.

ಭಾಲ್ಕಿಯವನು

ತಮ್ಮಾ, 14416 ಟೆಲಿಮಾನಸ್ ನಂಬರ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ. ಅಣ್ಣನಿಗಾಗಿ ಮಾತ್ರ ಅಲ್ಲ, ನಿನಗಾಗಿಯೂ ಮಾಡು. ನೋಡಿಕೊಳ್ಳುವವರೂ ಒಳಗೊಳಗೆ ಸೋಲುತ್ತಾರೆ, ಇದನ್ನು ನಾನು ಅನುಭವಿಸಿದ್ದೇನೆ. ಅವ್ವನ ಕಾಲು ತೆಗೆದ ವರ್ಷ ನನಗೆ ಊಟ ಸೇರುತ್ತಿರಲಿಲ್ಲ, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು, ಅಣ್ಣನ ಪಿಂಚಣಿಗೆ ದಾರಿ ಆಗುತ್ತದೆ. ಅವ್ವನ ಕಾರ್ಡ್ ಮಾಡಿಸುವಾಗ ಆ ಪಟ್ಟಿ ಓದಿದ್ದೆ. ಕಿಡ್ನಿ ಕಾಯಿಲೆ ಮಾತ್ರ ಅದರಲ್ಲಿ ಇಲ್ಲ, ಅದು ಅನ್ಯಾಯ ಎಂದು ನನ್ನ ಅಭಿಪ್ರಾಯ. ವಾರದಲ್ಲಿ ಎರಡು ಮೂರು ದಿನ ಮಶೀನಿನ ಮೇಲೆ ಮಲಗುವವನು ಯಾವ ಕೂಲಿಗೆ ಹೋಗಬಲ್ಲ?

ಒಬ್ಬ ಪೇಶೆಂಟ್

ನಾನು ನಾಲ್ಕು ವರ್ಷದಿಂದ ಡಯಾಲಿಸಿಸ್ ಮೇಲೆ ಇದ್ದೇನೆ. ಊರು ಸೇಡಂ ಹತ್ತಿರ. ನನ್ನ ಮಗ ಮೊಬೈಲಿನಲ್ಲಿ ಇದನ್ನು ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ.

ಮಗಳೇ, ನಿನ್ನ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ ಎಂದು ಬರೆದಿದ್ದೀ. ಅದು ನಿನ್ನ ಮೇಲಿನ ಸಿಟ್ಟಲ್ಲ. ನಾನೂ ಹಾಗೇ ಮಲಗುತ್ತಿದ್ದೆ. ನಾಲ್ಕು ತಾಸು ಮಶೀನಿನ ಮೇಲೆ ಮಲಗಿ ಕಣ್ಣು ತೆರೆದರೆ ಗಾಜಿನ ಬಾಗಿಲಾಚೆ ಮಗ ಕಾಣುತ್ತಿದ್ದ. ಐಟಿಐ ಓದುವ ಹುಡುಗ. ನನ್ನ ರಕ್ತ ಪೈಪಿನಲ್ಲಿ ಹೋಗುವುದು ನೋಡುತ್ತಾ, ಇವನ ಆಯುಷ್ಯವೂ ಇದರಲ್ಲೇ ಹೋಗುತ್ತಿದೆಯಲ್ಲ ಅನಿಸುತ್ತಿತ್ತು. ಕಾಯಿಲೆಗಿಂತ ಅದು ಜಾಸ್ತಿ ಸುಡುತ್ತಿತ್ತು. ಮಕ್ಕಳ ಮುಂದೆ ಹೇಳಲು ಬರುವುದಿಲ್ಲ, ಹೇಳಿದರೆ ಅವರು ಅಳುತ್ತಾರೆ.

ನಾವು ಏನು ಮಾಡಿದೆವು ಎಂದರೆ, ನನ್ನ ಸರದಿಯಲ್ಲೇ ಪಕ್ಕದ ಊರಿನ ಇನ್ನಿಬ್ಬರು ಇದ್ದರು. ಮೂವರೂ ಮಾತಾಡಿಕೊಂಡೆವು. ಒಂದು ಟಂಟಂ ಆಟೋ ಗೊತ್ತು ಮಾಡಿದೆವು, ಬಾಡಿಗೆ ಮೂರು ಪಾಲು. ಮೂರು ಮನೆಯಿಂದ ಸರದಿ ಪ್ರಕಾರ ಒಬ್ಬರೇ ಜೊತೆಗೆ ಬರುತ್ತಾರೆ. ಒಬ್ಬರು ಮೂವರನ್ನೂ ನೋಡಿಕೊಳ್ಳುತ್ತಾರೆ. ಮಗನ ಪಾಲಿಗೆ ಈಗ ಮೂರು ಸಲಕ್ಕೆ ಒಂದು ಸಲ ಬರುತ್ತದೆ. ಐಟಿಐ ಮುಗಿಸಿದ, ಈಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್.

ಅಪ್ಪನ ಹತ್ತಿರ ಕೂತು ನೀನೇ ಕೇಳು, ಬೇರೆಯವರ ಕೈಯಲ್ಲಿ ಕೇಳಿಸಬೇಡ. "ಅಪ್ಪಾ, ನಾ ಓದು ಮುಗಿಸಲಾ?" ಎಂದು ಕೇಳು. ಮಾಮನಿಗೆ ಉತ್ತರ ಕೊಡುವುದು ಅವರಿಂದ ಆಗಲಿ.

ಹುಮನಾಬಾದ್ ಅಕ್ಕ

ಕಾಕಾ, ನಿಮಗೆ ಕೈಮುಗಿಯುತ್ತೇನೆ.

ಚಿತ್ತಾಪುರ ಹುಡುಗಿ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇಂಟರ್ನಲ್ಸ್ ಇದ್ದವು.

ಅಪ್ಪನನ್ನು ಕೇಳಿದೆ. ಭಾನುವಾರ ರಾತ್ರಿ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ನೀ ಕಾಲೇಜ್ ಬಿಟ್ರ ನಾ ಆಸ್ಪತ್ರಿಗಿ ಹೋಗೋದು ಬಿಡ್ತೀನಿ" ಅಂದರು. ಅವ್ವ ಹಿಟ್ಟಿನ ಕೈಯನ್ನೇ ನೆಲಕ್ಕೆ ಬಡಿದು ಅತ್ತಳು. ಮರುದಿನ ಮಾಮನಿಗೆ ಅಪ್ಪನೇ ಫೋನ್ ಮಾಡಿದರು. ಏನು ಮಾತಾಡಿದರೋ ಹೇಳಲಿಲ್ಲ. ಮಾಮ ಆಮೇಲೆ ಬಂದಿಲ್ಲ, ಅದೂ ಮನಸ್ಸಿಗೆ ಒಂಥರಾ ಅನಿಸುತ್ತದೆ.

ಅರ್ಜಿ ಕೊಟ್ಟೆ. ದಿನಾಂಕಗಳ ಪಟ್ಟಿಗೆ ಸೀಲು ಹಾಕಿಸುವಾಗ ಎಣಿಸಿದೆ, ಈ ಸೆಮಿಸ್ಟರಿನಲ್ಲೇ 23 ಡಯಾಲಿಸಿಸ್. ಕೆಮಿಸ್ಟ್ರಿ ಮೇಡಂ ಓದಿ ಕನ್ನಡಕ ತೆಗೆದು ಒರೆಸಿಕೊಂಡರು, "ಗುರುವಾರದ ಬ್ಯಾಚಿನ ಜೊತೆ ಬಾ" ಅಂದರು, ಅಷ್ಟೇ. ಶಾರ್ಟೇಜ್ ಮಾಫಿ ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ, ಪ್ರಿನ್ಸಿಪಾಲರ ಮೇಜಿನ ಮೇಲೆ ಇದೆ.

ದಿನ ಬದಲಾಗಿದೆ. ಬುಧವಾರ ಮತ್ತು ಶನಿವಾರ ಸಿಕ್ಕಿತು. ಬುಧವಾರ ತಮ್ಮ ಹೋಗುತ್ತಾನೆ. ಮೊದಲ ಸಲ ಹೋಗಿ ಬಂದವನು ಊಟ ಮಾಡಲಿಲ್ಲ, ಸೂಜಿ ಅಷ್ಟು ದಪ್ಪ ಇರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲವಂತೆ. ರಾತ್ರಿ ನನ್ನ ಹತ್ತಿರ ಬಂದು "ಅಕ್ಕಾ, ನೀ ಇಷ್ಟು ದಿನ ಒಬ್ಬಾಕೀನೇ ನೋಡೀಯಲ್ಲ" ಅಂದ. ಶನಿವಾರ ನಾನು. ತಾಲೂಕು ಆಸ್ಪತ್ರೆಯಲ್ಲೂ ಹೆಸರು ಬರೆಸಿದ್ದೇವೆ, ನಮಗಿಂತ ಮುಂದೆ ಐದು ಜನ ಇದ್ದಾರೆ. ತೊಗರಿ ರಾಶಿ ಬರುತ್ತಿದೆ, ಅದೇ ಹೊತ್ತಿಗೆ ನನ್ನ ಪರೀಕ್ಷೆ. ಆಗ ಅವ್ವನಿಗೆ ಒಂದು ದಿನವೂ ಬಿಡುವು ಇರುವುದಿಲ್ಲ.

ಅದಕ್ಕೆ ಈಗ ಒಂದು ಕೇಳಬೇಕು. ಕಲಬುರಗಿಯಲ್ಲಿ ಬುಧವಾರ, ಶನಿವಾರ ಡಯಾಲಿಸಿಸ್ ಗೆ ಬರುವವರು, ವಾಡಿ ಅಥವಾ ಚಿತ್ತಾಪುರ ಕಡೆಯವರು ಇಲ್ಲಿ ಯಾರಾದರೂ ಇದ್ದೀರಾ? ಸೇಡಂ ಕಾಕಾ ಹೇಳಿದ ಹಾಗೆ ಪಾಲಿನ ಟಂಟಂ ಮಾಡೋಣ. ಶನಿವಾರ ನಾನು ಇರುತ್ತೇನೆ, ನಿಮ್ಮ ಮನೆಯವರನ್ನೂ ನೋಡಿಕೊಳ್ಳುತ್ತೇನೆ.

ಡಯಾಲಿಸಿಸ್ ಟೆಕ್ನಿಷಿಯನ್

ಯೂನಿಟ್ಟಿನ ಗೋಡೆಗೆ ಒಂದು ಚೀಟಿ ಅಂಟಿಸಿ ಅಕ್ಕಾ. ಊರು, ದಿನ, ಸರದಿ ಬರೆಯಿರಿ. ಫೋನ್ ನಂಬರ್ ಬೇಡ, ಸಿಸ್ಟರ್ ಹತ್ತಿರ ಕೇಳಿ ಎಂದು ಬರೆದರೆ ಸಾಕು.

ಕೃಷ್ಣಾ ದಂಡೆ

ಸರ್ ಗೆ ಹೇಳಿದೆ. ಅಣ್ಣನ ಹೆಸರು ಕೇಳಿದರು. ಕಾಯಿಲೆಯ ಹೆಸರು ಕೇಳಲಿಲ್ಲ.